ಹೆಸರನ್ನು ಆರಿಸುವವರ ಜಗಳ

(ಓದುಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕದ ಅಧ್ಯಕ್ಷರ ಚುನಾವಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನವೆಂಬರ್ ತಿಂಗಳ ಆ ಒಂದು ಮಂಗಳವಾರ. ಒಂದು ಕಡೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ಇನ್ನೊಂದು ಕಡೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ. ಇಬ್ಬರಲ್ಲಿ ಒಬ್ಬರು. ಆದರೆ 33 ಕೋಟಿಗೂ ಹೆಚ್ಚು ಜನರಿರುವ ದೇಶದಲ್ಲಿ ಕೊನೆಗೆ ಆ ಇಬ್ಬರೇ ಏಕೆ ಉಳಿದರು, ಅವರ ಹೆಸರನ್ನು ಮುಂದಿಟ್ಟವರು ಯಾರು ಎಂದು ನಾವು ಕೇಳುವುದು ಕಡಿಮೆ. ಆ ದೇಶದ ಸಂವಿಧಾನವೂ ಈ ಬಗ್ಗೆ ಮೌನವಾಗಿದೆ. ಅದರಲ್ಲಿ ಪಕ್ಷ ಎಂಬ ಮಾತೇ ಇಲ್ಲ. ಪಕ್ಷದ ಉಮೇದುವಾರರನ್ನು ಆರಿಸುವ ವಿಧಾನವಂತೂ ದೂರವೇ ಉಳಿಯಿತು.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಪಕ್ಷದ ಮತದಾರರು ತಮ್ಮತಮ್ಮಲ್ಲಿ ಸೇರಿ 'ನಮ್ಮವರಲ್ಲಿ ಯಾರು?' ಎಂದು ವಾದಿಸುವ ಬಗೆಯನ್ನು ಕುರಿತು. ಎದುರು ಪಕ್ಷದವರೊಡನೆ ಜಗಳವಾಡುವುದು ಸುಲಭ. ಅಲ್ಲಿ ತತ್ವ ಬೇರೆ, ಬಾವುಟ ಬೇರೆ. ಒಂದೇ ಮನೆಯೊಳಗಿನ ಜಗಳ ಹಾಗಲ್ಲ. ಇಬ್ಬರೂ ನಮ್ಮವರೇ, ಹೇಳುವುದೂ ಹೆಚ್ಚುಕಡಿಮೆ ಒಂದೇ. ಸೋತವರ ಜೊತೆ ನಾಳೆ ಕೂತು ಊಟ ಮಾಡಬೇಕು. ಹೀಗಿರುವಾಗ ಒಬ್ಬರಿಗಿಂತ ಒಬ್ಬರು ಮೇಲು ಎಂದು ಯಾವ ತಕ್ಕಡಿಯಲ್ಲಿ ತೂಗುವುದು?

ಈ ವಾದ ಕಣ್ಣಿಗೆ ಕಾಣುವಂತೆ ನಡೆಯುತ್ತಿದ್ದ ಜಾಗವೊಂದಿತ್ತು. ಜೋಳದ ಹೊಲಗಳ ಅಯೋವಾ ರಾಜ್ಯ. ಚುನಾವಣೆಯ ವರ್ಷದ ಆರಂಭದಲ್ಲಿ, ಕಡುಚಳಿಯ ಒಂದು ಸಂಜೆ ಏಳು ಗಂಟೆಗೆ, ಅಲ್ಲಿನ 1,600ಕ್ಕೂ ಹೆಚ್ಚು ಮತಕ್ಷೇತ್ರಗಳಲ್ಲಿ ಏಕಕಾಲಕ್ಕೆ ಸಭೆ ಸೇರುತ್ತಿತ್ತು. ಇದಕ್ಕೆ ಕಾಕಸ್ ಎಂದು ಹೆಸರು. ಶಾಲೆಯ ವ್ಯಾಯಾಮದ ಹಜಾರ, ಚರ್ಚಿನ ನೆಲಮಾಳಿಗೆ, ಗ್ರಂಥಾಲಯ, ಅಗ್ನಿಶಾಮಕ ಠಾಣೆ, ಹಳ್ಳಿಗಳಲ್ಲಿ ಕೆಲವೊಮ್ಮೆ ಯಾರದಾದರೂ ಮನೆಯ ಪಡಸಾಲೆ. ಡೆಮಾಕ್ರಟಿಕ್ ಪಕ್ಷದ ಸಭೆಯಲ್ಲಿ ಮತಪತ್ರವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಒಬ್ಬ ಅಭ್ಯರ್ಥಿಯ ಕಡೆಯವರು ಈ ಮೂಲೆಯಲ್ಲಿ ನಿಲ್ಲಬೇಕು, ಇನ್ನೊಬ್ಬರ ಕಡೆಯವರು ಆ ಮೂಲೆಯಲ್ಲಿ. ಇನ್ನೂ ನಿರ್ಧರಿಸದವರಿಗೂ ಒಂದು ಮೂಲೆಯಿತ್ತು. ನಂತರ ತಲೆ ಎಣಿಕೆ.

ಸ್ವಾರಸ್ಯ ಇರುವುದು ಎಣಿಕೆಯ ಅನಂತರ. ಸಾಮಾನ್ಯವಾಗಿ, ಬಂದವರಲ್ಲಿ ಶೇಕಡಾ 15ರಷ್ಟಾದರೂ ಜನ ಸೇರದ ಗುಂಪು ಉಳಿಯುವಂತಿಲ್ಲ. ಆ ಗುಂಪಿನವರು ಬೇರೆ ಮೂಲೆಗೆ ಹೋಗಬೇಕು, ಇಲ್ಲವೇ ಮನೆಗೆ ಹೋಗಬೇಕು. ಆಗ ಉಳಿದ ಗುಂಪುಗಳವರು ಅವರನ್ನು ಮುತ್ತಿಕೊಳ್ಳುತ್ತಿದ್ದರು. ಪಕ್ಕದ ಮನೆಯ ನಿವೃತ್ತ ಶಿಕ್ಷಕಿ, ಮಗಳ ಸಹಪಾಠಿಯ ತಂದೆ, ಕಿರಾಣಿ ಅಂಗಡಿಯವನು, ಎಲ್ಲರೂ ಒಟ್ಟಾಗಿ: 'ನಿಮ್ಮ ಮನುಷ್ಯ ಒಳ್ಳೆಯವರೇ, ಇಲ್ಲ ಅನ್ನುವುದಿಲ್ಲ. ಆದರೆ ಇನ್ನು ಅವರಿಂದ ಆಗದು. ನಮ್ಮ ಕಡೆ ಬನ್ನಿ.' ಯುದ್ಧದ ಬಗ್ಗೆ ನಿಮ್ಮವರು ಏನೆಂದರು, ಆಸ್ಪತ್ರೆಯ ಖರ್ಚಿಗೆ ನಮ್ಮವರ ಯೋಜನೆ ಏನು, ಜೋಳದ ಬೆಲೆಯ ಕಥೆಯೇನು, ಇಂಥ ಮಾತುಗಳೆಲ್ಲ ಆ ಗದ್ದಲದಲ್ಲೇ ಬರುತ್ತಿದ್ದವು. ಎರಡನೆಯ ಆಯ್ಕೆಯಾಗುವ ಯೋಗ್ಯತೆ ಇಲ್ಲದ ಅಭ್ಯರ್ಥಿ ಅಲ್ಲಿ ಗೆಲ್ಲುವುದು ಕಷ್ಟ. ಪಕ್ಕದ ಮೂಲೆಯವರನ್ನು ಬೈದು ನಿಂತ ಗುಂಪಿಗೆ ಹತ್ತು ನಿಮಿಷದ ಮೇಲೆ ಅವರನ್ನೇ ಕರೆಯಲು ಬಾಯಿ ಬರುವುದಿಲ್ಲವಲ್ಲ.

2008ರ ಜನವರಿ 3ರಂದು ಬರಾಕ್ ಒಬಾಮ ಅವರು ಇಂಥ ಸಭೆಗಳಲ್ಲೇ ಶೇಕಡಾ 38ರ ಸಮೀಪ ಬಲ ಪಡೆದು ಮೊದಲಿಗರಾದರು. ಜಾನ್ ಎಡ್ವರ್ಡ್ಸ್ ಎರಡನೆಯವರು. ಎಲ್ಲರೂ ಗೆಲ್ಲುತ್ತಾರೆಂದುಕೊಂಡಿದ್ದ ಹಿಲರಿ ಕ್ಲಿಂಟನ್ ಕೂದಲೆಳೆಯಲ್ಲಿ ಮೂರನೆಯವರು. ಶೇಕಡಾ ಒಂದೂ ದಕ್ಕದ ಜೋ ಬೈಡನ್ ಎಂಬ ಹಿರಿಯ ಸೆನೆಟರ್ ಅದೇ ರಾತ್ರಿ ಕಣದಿಂದ ಹಿಂದೆ ಸರಿದರು. ಅವರ ಕಥೆ ಅಲ್ಲಿಗೇ ಮುಗಿಯಲಿಲ್ಲವೆಂದು ನಿಮಗೆ ಗೊತ್ತು.

ಒಬಾಮ ಅವರ ವಿಷಯದಲ್ಲಿ ಪಕ್ಷದೊಳಗೆ ಎದ್ದಿದ್ದ ಪ್ರಶ್ನೆ ಅವರ ಯೋಗ್ಯತೆಯದಾಗಿರಲಿಲ್ಲ. 'ನಮಗೇನೋ ಒಪ್ಪಿಗೆ, ಆದರೆ ಬಿಳಿಯರು ಒಬ್ಬ ಕರಿಯನಿಗೆ ವೋಟು ಹಾಕುತ್ತಾರೆಯೇ?' ಎಂಬ ಶಂಕೆ ಕರಿಯ ಮತದಾರರಲ್ಲೂ ಇತ್ತು. ಶೇಕಡಾ 90ಕ್ಕೂ ಹೆಚ್ಚು ಬಿಳಿಯರಿದ್ದ ಅಯೋವಾ ಅದಕ್ಕೆ ಉತ್ತರ ಕೊಟ್ಟಿತು. ಐದು ದಿನಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ಹಿಲರಿ ಅವರ ಕೈ ಹಿಡಿದರೂ, ಅದೇ ತಿಂಗಳ 26ರಂದು ಕರಿಯ ಮತದಾರರು ಬಹುಸಂಖ್ಯೆಯಲ್ಲಿ ಭಾಗವಹಿಸುವ ದಕ್ಷಿಣ ಕೆರೊಲಿನಾದ ಪ್ರೈಮರಿಯಲ್ಲಿ ಒಬಾಮ ಅವರಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂತು.

'ಗೆಲ್ಲುವವರು ಯಾರು' ಎಂಬ ಈ ಲೆಕ್ಕಾಚಾರವೇ ಇವತ್ತು ನನ್ನ ಮುಖ್ಯ ವಿಷಯ. ಅದರ ಮೂಲ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಮೊದಮೊದಲು ಅಭ್ಯರ್ಥಿಯನ್ನು ಆರಿಸುತ್ತಿದ್ದವರು ಸಂಸತ್ತಿನ ಸದಸ್ಯರು. 1824ರಲ್ಲಿ ಆ ಪದ್ಧತಿಯ ಮಾನ ಹೋಯಿತು. 1831ರಿಂದ ರಾಷ್ಟ್ರೀಯ ಅಧಿವೇಶನಗಳು ಬಂದವು. ರಾಜ್ಯಗಳಿಂದ ಪ್ರತಿನಿಧಿಗಳು ಬಂದು ಸೇರಿ ಬಹುಮತ ಸಿಗುವವರೆಗೂ ಮತ್ತೆಮತ್ತೆ ಮತ ಹಾಕುತ್ತಿದ್ದರು. 1860ರಲ್ಲಿ ಶಿಕಾಗೊದಲ್ಲಿ ಸೇರಿದ ರಿಪಬ್ಲಿಕನ್ ಅಧಿವೇಶನಕ್ಕೆ ವಿಲಿಯಂ ಸೆವಾರ್ಡ್ ಅವರೇ ಅಚ್ಚುಮೆಚ್ಚು. ಮೊದಲ ಸುತ್ತಿನಲ್ಲಿ ಮುಂದಿದ್ದವರೂ ಅವರೇ. ಅಬ್ರಹಾಂ ಲಿಂಕನ್ ಅವರ ಕಡೆಯವರು ಮಾಡಿದ್ದು ಒಂದೇ ಕೆಲಸ: ಯಾರನ್ನೂ ನೋಯಿಸದೆ, ಎಲ್ಲರಿಗೂ ಎರಡನೆಯ ಆಯ್ಕೆಯಾಗಿ ನಿಂತದ್ದು. ಮೂರನೆಯ ಸುತ್ತಿಗೆ ಲಿಂಕನ್ ಗೆದ್ದರು. ಅಯೋವಾದ ಶಾಲೆಯ ಹಜಾರದಲ್ಲಿ ನಡೆಯುತ್ತಿದ್ದುದು ಇದರದೇ ಚಿಕ್ಕ ರೂಪ.

ಆದರೆ ಲಿಂಕನ್ ಅವರಂಥವರನ್ನು ಕೊಟ್ಟ ಪದ್ಧತಿಯೇ 1920ರಲ್ಲಿ ವಾರನ್ ಹಾರ್ಡಿಂಗ್ ಅವರನ್ನೂ ಕೊಟ್ಟಿತು. ಅವರ ಹೆಸರು ತೀರ್ಮಾನವಾದದ್ದು ಶಿಕಾಗೊದ ಹೋಟೆಲೊಂದರ ಕೋಣೆಯಲ್ಲಿ, ಅರ್ಧರಾತ್ರಿ ದಾಟಿದ ಮೇಲೆ, ಚುಟ್ಟದ ಹೊಗೆಯ ನಡುವೆ ಎಂಬುದು ಪ್ರತೀತಿ. 'ಹೊಗೆ ತುಂಬಿದ ಕೋಣೆ' ಎಂಬ ಮಾತು ಆ ದೇಶದ ರಾಜಕೀಯದಲ್ಲಿ ಹೆಸರಾದದ್ದು ಅಲ್ಲಿಂದ. ನಾಲ್ಕು ವರ್ಷದ ಮೇಲೆ, 1924ರಲ್ಲಿ, ಡೆಮಾಕ್ರಟಿಕ್ ಪಕ್ಷ ನ್ಯೂಯಾರ್ಕಿನಲ್ಲಿ 103 ಸುತ್ತು ಮತ ಹಾಕಿ, ಪ್ರಬಲರಿಬ್ಬರನ್ನೂ ಬದಿಗಿಟ್ಟು, ಜಾನ್ ಡೇವಿಸ್ ಎಂಬವರನ್ನು ನಿಲ್ಲಿಸಿ ಸೋತಿತು. ಆಗ ಬದಿಗೆ ಸರಿದವರಲ್ಲಿ ಒಬ್ಬರು ಆಲ್ ಸ್ಮಿತ್, ಕ್ಯಾಥೊಲಿಕ್ ಮತದವರು. 1928ರಲ್ಲಿ ಪಕ್ಷ ಅವರನ್ನೇ ನಿಲ್ಲಿಸಿತು, ಅವರೂ ಸೋತರು. ಕ್ಯಾಥೊಲಿಕರು ಗೆಲ್ಲಲಾರರು ಎಂಬುದು ಅಂದಿನಿಂದ ಪಕ್ಷದ ಮುಖಂಡರ ಪಾಲಿಗೆ ವೇದವಾಕ್ಯವಾಯಿತು.

ಈ ವೇದವಾಕ್ಯವನ್ನು ಮುರಿದವರು ಪಶ್ಚಿಮ ವರ್ಜೀನಿಯಾದ ಸಾಮಾನ್ಯ ಮತದಾರರು. ಗಣಿ ಕಾರ್ಮಿಕರ ಆ ಬಡ ರಾಜ್ಯದಲ್ಲಿ ಬಹುತೇಕ ಎಲ್ಲರೂ ಪ್ರೊಟೆಸ್ಟೆಂಟರು. 1960ರ ಮೇ ತಿಂಗಳ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಯನ್ನು ಆರಿಸಲು ನಡೆಯುವ ಮತದಾನದಲ್ಲಿ, ಕ್ಯಾಥೊಲಿಕರಾದ ಜಾನ್ ಕೆನಡಿ ಎದುರಿಗೆ ಪ್ರೊಟೆಸ್ಟೆಂಟರಾದ ಹ್ಯೂಬರ್ಟ್ ಹಂಫ್ರಿ. ಕೆನಡಿ ಅವರು ತಮ್ಮ ಧರ್ಮದ ಮಾತನ್ನು ಮುಚ್ಚಿಡದೆ ತಾವಾಗಿಯೇ ಎತ್ತಿದರು. ಶೇಕಡಾ 60ರಷ್ಟು ಮತ ಅವರಿಗೇ ಬಂತು. ಅವರ ತಂದೆಯ ಹಣವೂ ಅಲ್ಲಿ ಕೆಲಸ ಮಾಡಿತು ಎನ್ನುವವರಿದ್ದಾರೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಮುಖಂಡರು ತಲೆಯಾಡಿಸಿ ಒಪ್ಪಿದರು ಎಂಬುದು ಮುಖ್ಯ. ಏಕೆಂದರೆ ಕೊನೆಯ ಮಾತು ಆಗಲೂ ಅವರದೇ. ಪ್ರೈಮರಿ ಎಂಬುದು ಅಂದು ಕುದುರೆಯನ್ನು ಓಡಿಸಿ ತೋರಿಸುವ ಮೈದಾನವಾಗಿತ್ತು, ಕೊಳ್ಳುವವರು ಬೇರೆಯವರು.

1968ರಲ್ಲಿ ಅದು ಒಡೆಯಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಯೂಜೀನ್ ಮೆಕಾರ್ಥಿ ಮತ್ತು ರಾಬರ್ಟ್ ಕೆನಡಿ ಪ್ರೈಮರಿಗಳಲ್ಲಿ ಮತ ಗಳಿಸಿದರು. ಅಧ್ಯಕ್ಷ ಜಾನ್ಸನ್ ಹಿಂದೆ ಸರಿದರು. ಕ್ಯಾಲಿಫೋರ್ನಿಯಾದಲ್ಲಿ ಗೆದ್ದ ರಾತ್ರಿಯೇ ರಾಬರ್ಟ್ ಕೆನಡಿ ಗುಂಡಿಗೆ ಗುರಿಯಾದರು. ಆಗಸ್ಟ್ ತಿಂಗಳಲ್ಲಿ ಶಿಕಾಗೊದ ಬೀದಿಗಳಲ್ಲಿ ಪೊಲೀಸರ ಲಾಠಿ ಬೀಸುತ್ತಿದ್ದಾಗ, ಪ್ರೈಮರಿಗಳಲ್ಲಿ ಸ್ಪರ್ಧಿಸಿಯೇ ಇರದಿದ್ದ ಹಂಫ್ರಿ ಅವರನ್ನು ಅಧಿವೇಶನ ಅಭ್ಯರ್ಥಿಯನ್ನಾಗಿ ಘೋಷಿಸಿತು. ಹಾಗಾದರೆ ನಮ್ಮ ವೋಟಿಗೆ ಬೆಲೆ ಏನು ಎಂದು ಜನ ಕೇಳಿದರು. ಮೆಕ್‌ಗವರ್ನ್ ಮತ್ತು ಫ್ರೇಸರ್ ಅವರ ಹೆಸರಿನ ಸಮಿತಿ ನಿಯಮಗಳನ್ನು ತಿದ್ದಿತು. 1972ರಿಂದ ಪ್ರತಿನಿಧಿಗಳನ್ನು ಕಳಿಸುವ ಅಧಿಕಾರ ಬಹುಮಟ್ಟಿಗೆ ಮತದಾರರ ಕೈಗೆ ಬಂತು. ಅಯೋವಾ ಹೆಸರಿಗೆ ಬಂದದ್ದೂ ಆಗಲೇ.

ಹೊಸ ಪದ್ಧತಿಯ ಮೊದಲ ಫಲ ಕಹಿ. 1972ರಲ್ಲಿ ಆಯ್ಕೆಯಾದ ಜಾರ್ಜ್ ಮೆಕ್‌ಗವರ್ನ್ 50 ರಾಜ್ಯಗಳಲ್ಲಿ 49ನ್ನು ನಿಕ್ಸನ್ ಅವರಿಗೆ ಬಿಟ್ಟುಕೊಟ್ಟರು. 'ಮನಸ್ಸಿಗೆ ಬಂದವರನ್ನು ಆರಿಸಿದರೆ ಹೀಗೇ' ಎಂಬ ಪಾಠವನ್ನು ಪಕ್ಷದವರು ಮರೆಯಲೇ ಇಲ್ಲ. 1984ರಿಂದ ಮುಖಂಡರಿಗೂ ಅಧಿವೇಶನದಲ್ಲಿ ಸ್ವತಂತ್ರ ಮತ ಕೊಟ್ಟರು. ಆದರೆ ಅದಕ್ಕಿಂತ ದೊಡ್ಡ ಬದಲಾವಣೆ ಮತದಾರನ ತಲೆಯಲ್ಲೇ ಆಯಿತೆಂದು ನನಗನ್ನಿಸುತ್ತದೆ. ಮುಖಂಡರ ಅಧಿಕಾರ ಕೈಗೆ ಬಂದಾಗ ಅವರ ಲೆಕ್ಕಾಚಾರವೂ ಜೊತೆಗೇ ಬಂತು. 'ನನಗೆ ಯಾರು ಇಷ್ಟ' ಎಂದು ಕೇಳಿಕೊಳ್ಳಬೇಕಾದವನು 'ಬೇರೆಯವರಿಗೆ ಯಾರು ಇಷ್ಟವಾಗಬಹುದು' ಎಂದು ಕೇಳಿಕೊಳ್ಳತೊಡಗಿದ.

2004ರ ಉದಾಹರಣೆ ನೋಡಿ. ಇರಾಕ್ ಯುದ್ಧವನ್ನು ಖಂಡಿಸಿದ ಹೊವಾರ್ಡ್ ಡೀನ್ ಡೆಮಾಕ್ರಟಿಕ್ ಮತದಾರರಿಗೆ ಅಚ್ಚುಮೆಚ್ಚಾಗಿದ್ದರು. ಕೊನೆಗೆ ಆರಿಸಿದ್ದು ಮಾತ್ರ ಜಾನ್ ಕೆರಿ ಅವರನ್ನು. ಕೆರಿ ವಿಯೆಟ್ನಾಮಿನಲ್ಲಿ ಕಾದಿ ಪದಕ ಪಡೆದವರು. ಬುಷ್ ಅವರ ಎದುರು ನಿಲ್ಲಬಲ್ಲರು ಎಂಬ ಎಣಿಕೆ. ಡೀನ್ ಜೊತೆ ಓಡಾಟ, ಕೆರಿ ಜೊತೆ ಮದುವೆ ಎಂದು ಅವರೇ ತಮಾಷೆ ಮಾಡಿಕೊಂಡರು. ಮನೆಯವರೆಲ್ಲ ಜಾತಕ ನೋಡಿ ಮಾಡಿದ ಆ ಮದುವೆ ನವೆಂಬರಿನಲ್ಲಿ ಮುರಿಯಿತು. ಬೇರೆಯವರ ಮನಸ್ಸನ್ನು ಊಹಿಸುವುದರಲ್ಲಿ ಮತದಾರ ಮುಖಂಡನಿಗಿಂತ ಜಾಣನೇನೂ ಅಲ್ಲ.

ಹಾಗೆಂದು ಈ ಲೆಕ್ಕವೆಲ್ಲ ಹುಸಿ ಎನ್ನಲಾಗದು. 2020ರ ಫೆಬ್ರುವರಿ 29ರಂದು ದಕ್ಷಿಣ ಕೆರೊಲಿನಾದ ಕರಿಯ ಮತದಾರರು, ಅದರಲ್ಲೂ ವಯಸ್ಸಾದವರು, ಅದುವರೆಗೆ ಎಲ್ಲೂ ಗೆಲ್ಲದಿದ್ದ ಬೈಡನ್ ಅವರನ್ನು ಎತ್ತಿ ನಿಲ್ಲಿಸಿದರು. ಬಿಳಿಯರು ಯಾರನ್ನು ಸಹಿಸಿಯಾರು, ಯಾರನ್ನು ಸಹಿಸಲಾರರು ಎಂಬುದು ಅವರು ತಲೆಮಾರುಗಳಿಂದ ಕಲಿತ ವಿದ್ಯೆ. ಟ್ರಂಪ್ ಅವರನ್ನು ಸೋಲಿಸಬಲ್ಲವರು ಇವರೇ ಎಂದು ಅವರು ತೂಗಿದ್ದು ನಿಜವಾಯಿತು. ಇದನ್ನು ಬರೀ ಲೆಕ್ಕಾಚಾರ ಎಂದು ಹಗುರವಾಗಿ ಮಾತನಾಡಲು ನನಗೆ ಮನಸ್ಸಾಗದು. ಸೋತರೆ ಹೆಚ್ಚು ಕಳೆದುಕೊಳ್ಳುವವರು ಗೆಲುವಿನ ಬಗ್ಗೆ ಹೆಚ್ಚು ಯೋಚಿಸುತ್ತಾರೆ, ಅಷ್ಟೆ.

ಅಯೋವಾದ ದೋಷಗಳನ್ನೂ ಹೇಳಿಬಿಡುತ್ತೇನೆ. ರಾತ್ರಿ ಪಾಳಿಯ ದಾದಿ, ಹಸುಗೂಸಿನ ತಾಯಿ, ಹಿಮದಲ್ಲಿ ನಡೆಯಲಾರದ ಮುದುಕರು ಆ ಸಭೆಗೆ ಬರುವುದು ಹೇಗೆ? ಮಾಲೀಕನ ಎದುರೇ ಆಳು ಬೇರೆ ಮೂಲೆಯಲ್ಲಿ ನಿಲ್ಲುವುದು ಹೇಗೆ? ಗುಪ್ತ ಮತದಾನ ಹುಟ್ಟಿದ್ದೇ ಇಂಥವರಿಗಾಗಿ. ರಿಪಬ್ಲಿಕನ್ನರು ಚೀಟಿಯಲ್ಲಿ ಬರೆದು ಹಾಕುತ್ತಿದ್ದರು. ಅವರಿಗೂ ಎಣಿಕೆ ತಪ್ಪಿತು. 2012ರಲ್ಲಿ ಮಿಟ್ ರಾಮ್ನಿ 8 ಮತಗಳಿಂದ ಮುಂದೆ ಎಂದು ಸಾರಿ, ಎರಡು ವಾರದ ಮೇಲೆ ರಿಕ್ ಸ್ಯಾಂಟೋರಮ್ 34 ಮತಗಳಿಂದ ಮುಂದೆ ಎಂದರು. 2020ರಲ್ಲಿ ಡೆಮಾಕ್ರಟರು ಫಲಿತಾಂಶ ಕಳಿಸಲು ತಂದ ಮೊಬೈಲ್ ತಂತ್ರಾಂಶ ಕೈಕೊಟ್ಟು, ಆ ರಾತ್ರಿ ಯಾರು ಗೆದ್ದರೆಂದೇ ತಿಳಿಯಲಿಲ್ಲ. ಚೀಟಿಯ ಪ್ರೈಮರಿಯಲ್ಲೂ ತೊಡಕಿದೆ. ಅಲ್ಲಿ ಸಾಮಾನ್ಯವಾಗಿ ಎರಡನೆಯ ಆಯ್ಕೆಗೆ ಜಾಗವಿಲ್ಲ. 2016ರಲ್ಲಿ 17 ಮಂದಿ ರಿಪಬ್ಲಿಕನ್ ಆಕಾಂಕ್ಷಿಗಳ ನಡುವೆ ಟ್ರಂಪ್ ಒಟ್ಟು ಮತದಲ್ಲಿ ಅರ್ಧದಷ್ಟನ್ನೂ ಪಡೆಯದೆ ಅಭ್ಯರ್ಥಿಯಾದರು. ಉಳಿದವರ ಬೆಂಬಲಿಗರು ಒಂದೇ ಹಜಾರದಲ್ಲಿ ಎದುರುಬದುರು ನಿಂತು ಮಾತನಾಡಿದ್ದರೆ ಏನಾಗುತ್ತಿತ್ತೋ.

ನಮ್ಮಲ್ಲಿ ಈ ಜಗಳ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಚುನಾವಣೆ ಹತ್ತಿರ ಬಂದಾಗ ಹೋಟೆಲುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಅರಳಿಕಟ್ಟೆಗಳ ಮೇಲೆ 'ಈ ಸಲ ಟಿಕೆಟ್ ಯಾರಿಗೆ' ಎಂದು ನಡೆಯುವ ವಾದ ಅಯೋವಾದವರಿಗೂ ಪಾಠ ಹೇಳುವಂಥದು. ಅದನ್ನು ಎಣಿಸುವವರಿಲ್ಲ, ಅಷ್ಟೆ. ಬಿ ಫಾರಂ ಮೇಲಿನಿಂದ ಬರುತ್ತದೆ. 2022ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದು ನಮ್ಮ ಮಲ್ಲಿಕಾರ್ಜುನ ಖರ್ಗೆ 7,897 ಮತ ಪಡೆದು, 1,072 ಮತ ಪಡೆದ ಶಶಿ ತರೂರ್ ಅವರನ್ನು ಸೋಲಿಸಿದರು. ಅಲ್ಲೂ ಮತ ಹಾಕಿದವರು ಪಕ್ಷದ ಪ್ರತಿನಿಧಿಗಳು. ಪಕ್ಷಕ್ಕೆ ವೋಟು ಹಾಕುವ ಜನ ಹೊರಗೆ ನಿಂತು ನೋಡಿದರು.

ಕೊನೆಯದಾಗಿ 2024ರ ವಿಷಯ. ಡೆಮಾಕ್ರಟಿಕ್ ಪಕ್ಷ ಅಯೋವಾದಿಂದ ಮೊದಲ ಸ್ಥಾನವನ್ನು ತೆಗೆದು ದಕ್ಷಿಣ ಕೆರೊಲಿನಾಕ್ಕೆ ಕೊಟ್ಟಿತು. ಬೈಡನ್ ಎದುರು ಹೇಳಿಕೊಳ್ಳುವಂಥ ಸ್ಪರ್ಧೆಯಿಲ್ಲದೆ ಪ್ರೈಮರಿಗಳು ಮುಗಿದವು. ಜುಲೈ 21ರಂದು ಅವರು ಕಣದಿಂದ ಹಿಂದೆ ಸರಿದರು. ಆಗಸ್ಟ್ ಮೊದಲ ವಾರಕ್ಕೆ, ದೂರದಿಂದಲೇ ಮತ ಪಡೆದು, ಪ್ರತಿನಿಧಿಗಳು ಕಮಲಾ ಹ್ಯಾರಿಸ್ ಅವರನ್ನು ಅಭ್ಯರ್ಥಿಯನ್ನಾಗಿ ಒಪ್ಪಿದರು. ಅವರ ಯೋಗ್ಯತೆಯನ್ನಾಗಲಿ, ಅವರ ಬದಲು ಬೇರೆ ಯಾರಾದರೂ ಆಗಬಹುದೇ ಎಂಬುದನ್ನಾಗಲಿ ಆ ಪಕ್ಷದ ಮತದಾರರು ಆ ವರ್ಷ ಯಾವ ಹಜಾರದಲ್ಲೂ ಕೂಡಿ ತೂಗಲಿಲ್ಲ. ಅದಕ್ಕೂ ಮೊದಲು, ಜನವರಿ 15ರ ಕೊರೆಯುವ ಚಳಿಯಲ್ಲಿ, ಅಯೋವಾದ ಡೆಮಾಕ್ರಟರು ವಾಡಿಕೆಯಂತೆ ತಮ್ಮ ಸಭೆಗಳಲ್ಲಿ ಸೇರಿದ್ದರು. ಪಕ್ಷದ ಒಳ ವ್ಯವಹಾರಗಳನ್ನಷ್ಟೆ ಮುಗಿಸಿ ಮನೆಗೆ ಹೋದರು. ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಆ ಸಲ ಅಂಚೆಯ ಕಾರ್ಡಿನಲ್ಲಿ ಗುರುತು ಹಾಕಿ ಕಳಿಸಬೇಕಾಗಿತ್ತು.