ಚಕ್ರವರ್ತಿಯ ಗೋಡೆಗೆ ಕಟ್ಟಿದ ಹಗ್ಗ



ಕ್ರೊಯೇಷಿಯಾದ ಸ್ಪ್ಲಿಟ್ ಊರಲ್ಲಿ ರಜೆ ಕಳೆದು ಬಂದ ನೆರೆಮನೆಯವರು ಈ ವಾರ ಫೋಟೋ ತೋರಿಸಿದರು. ನೀಲಿ ಕಡಲು, ದಂಡೆಯುದ್ದಕ್ಕೂ ತಾಳೆಮರ, ಬಿಸಿಲಿಗೆ ಹೊಳೆಯುವ ಬಿಳಿಗಲ್ಲು, ಎಲ್ಲ ಇತ್ತು. ನನ್ನ ಕಣ್ಣು ನಿಂತದ್ದು ಮಾತ್ರ ಒಂದು ಹಗ್ಗದ ಮೇಲೆ. ಹಳೇ ರೋಮನ್ ಗೋಡೆಯ ಎರಡು ಕಿಟಕಿಗಳ ನಡುವೆ ಬಿಗಿದದ್ದು. ಅದರ ಮೇಲೆ ದಿಂಬಿನ ಕವರು, ಮಗುವಿನ ಚಡ್ಡಿ, ಬಣ್ಣ ಮಾಸಿದ ಒಂದು ಹೂವಿನ ಫ್ರಾಕು.

ಆ ಗೋಡೆ ಡಯೊಕ್ಲೀಷಿಯನ್ ಚಕ್ರವರ್ತಿಯ ಅರಮನೆಯದು. ಕ್ರಿ.ಶ. 305ರಲ್ಲಿ ತಾನಾಗಿಯೇ ಸಿಂಹಾಸನದಿಂದಿಳಿದು, ತನ್ನ ನಾಡಿನ ಕಡಲಂಚಿಗೆ ಬಂದು ನೆಲೆಸಿದವನು. ಮತ್ತೆ ಪಟ್ಟವೇರಬೇಕೆಂದು ಕರೆಯಲು ಬಂದವರಿಗೆ, ತಾನು ಕೈಯಾರೆ ಬೆಳೆದ ಕೋಸನ್ನು ತೋರಿಸುವ ಮಾತಾಡಿದನಂತೆ. ಕತೆಯೋ ನಿಜವೋ, ನನಗಂತೂ ತುಂಬ ಇಷ್ಟ.

ಏಳನೆಯ ಶತಮಾನದಲ್ಲಿ ಸಮೀಪದ ಸಲೋನಾ ನಗರ ದಾಳಿಗೆ ಬಿದ್ದಾಗ ಜನ ಓಡಿಬಂದು ಈ ಪಾಳು ಅರಮನೆಯೊಳಗೆ ಸೇರಿಕೊಂಡರು. ಬಂದವರು ಅಲ್ಲೇ ಉಳಿದರು. ಕೋಣೆಗಳು ಮನೆಯಾದವು, ಓಡಾಡುವ ಹಾದಿಗಳು ಓಣಿಯಾದವು. ಚಕ್ರವರ್ತಿಯ ಗೋರಿಮಂಟಪ ಚರ್ಚಾಯಿತು, ಅದೂ ಅವನ ಆಳ್ವಿಕೆಯಲ್ಲೇ ಕೊಲ್ಲಲ್ಪಟ್ಟ ಬಿಷಪ್ ಡೊಮ್ನಿಯಸ್‌ನ ಹೆಸರಲ್ಲಿ! ಇತಿಹಾಸ ಸೇಡು ತೀರಿಸಿಕೊಂಡಿತು ಎಂದು ಹೇಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಊರು ಕಳೆದುಕೊಂಡವರಿಗೆ ಸೂರು ಬೇಕಿತ್ತು, ಪ್ರಾರ್ಥನೆಗೊಂದು ಜಾಗ ಬೇಕಿತ್ತು. ಗಟ್ಟಿ ಕಟ್ಟಡ ಕಣ್ಣೆದುರಿಗೇ ಇತ್ತು.

ಅಷ್ಟು ದೊಡ್ಡ ಸಲೋನಾ ಇಂದು ಹುಲ್ಲಿನ ನಡುವೆ ಬಿದ್ದ ಕಲ್ಲುಗಳು. ನಿರಾಶ್ರಿತರು ಹೊಕ್ಕ ಅರಮನೆ ನಿಂತಿದೆ. ಒಡೆದರು, ಕಿಟಕಿ ಕೊರೆದರು, ಮೇಲೆ ಮಹಡಿ ಹಾಕಿದರು ನಿಜ. ಆದರೆ ಸೋರಿದಾಗ ಮಾಡು ಸರಿಮಾಡಿದವರೂ ಅವರೇ. 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಅಲ್ಲಿ ಸಂಸಾರಗಳಿದ್ದವು.

ಈಗ ಅಂಥ ಮನೆಗಳೇ ಒಂದೊಂದಾಗಿ ಪ್ರವಾಸಿಗರ ಬಾಡಿಗೆ ಕೋಣೆಗಳಾಗುತ್ತಿವೆ. ಅದೊಂದು ನನ್ನನ್ನು ಕಾಡುತ್ತದೆ. ದಾಳಿ, ಬರ, ಸಾಮ್ರಾಜ್ಯಗಳ ಏಳುಬೀಳು ಎಲ್ಲ ತಡೆದುಕೊಂಡ ಕೇರಿ ನಮ್ಮ ರಜೆಯನ್ನು ತಡೆದುಕೊಂಡೀತೇ?

ಹೋಗಬೇಡಿ ಎನ್ನಲಾರೆ, ನನಗೂ ಹೋಗುವ ಆಸೆಯಿದೆ. ಹೋದವರು ರಾತ್ರಿ ಆ ಓಣಿಗಳಲ್ಲಿ ದನಿ ತಗ್ಗಿಸಿ ಮಾತಾಡಿ. ಹಣ್ಣು, ತರಕಾರಿ ಬೇಕಾದರೆ ಮೂಡಣ ಗೋಡೆಯ ಹೊರಗೆ ಊರವರ ಮಾರುಕಟ್ಟೆಯಿದೆ, ಅಲ್ಲೇ ಕೊಳ್ಳಿ.