ಹಳೆಯ ಪ್ಲೇಟಿನ ದನಿ



ಜಾಜ್ ಎಂದೊಡನೆ ಗದ್ದಲವೆಂದೂ, ಬ್ಲೂಸ್ ಎಂದೊಡನೆ ಗೋಳೆಂದೂ ಬಗೆದು ರೇಡಿಯೋದ ಕಿವಿ ಹಿಂಡುವವರು ನಮ್ಮಲ್ಲಿ ಅನೇಕರುಂಟು. ಪ್ಲೇಟು ಹಳೆಯದಾಗಿ ಕರಕರ ಸದ್ದೂ ಸೇರಿತೆಂದರೆ ಕೇಳುವುದೇ ಬೇಡ! ಆದರೂ ಹತ್ತು ನಿಮಿಷ ತಾಳ್ಮೆಯಿಂದ ಕುಳಿತರೆ ಆ ಸದ್ದಿನ ಹಿಂದೆ ಏನಿದೆಯೆಂಬುದು ನಿಮಗೇ ತಿಳಿದೀತು.

ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ತೊಲಗಿದ್ದು 1865ರಲ್ಲಿ. ಹತ್ತಿಯ ಹೊಲಗಳಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳ ಕಂಠದಲ್ಲಿ ಬೆಳೆದದ್ದು ಬ್ಲೂಸ್; ನ್ಯೂ ಆರ್ಲಿಯನ್ಸ್ ಪಟ್ಟಣದ ವಾದ್ಯಮೇಳಗಳಲ್ಲಿ ರೂಪುಗೊಂಡದ್ದು ಜಾಜ್. ಆದರೆ 1917ರಲ್ಲಿ ಹೊರಬಂದ ಮೊದಲ ಜಾಜ್ ಪ್ಲೇಟನ್ನು ನುಡಿಸಿದ್ದು ಬಿಳಿಯರ ತಂಡ! 1920ರಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಭರದಿಂದ ಮಾರಾಟವಾದ ಮೇಲೆಯೇ ಕಪ್ಪು ಗಾಯಕಿಯರ ಬ್ಲೂಸ್ ಮುದ್ರಿಸಲು ಕಂಪೆನಿಗಳು ಮುಂದಾದವು.

ಇನ್ನು ಆ ಕರಕರ ಸದ್ದಿನ ಮಾತು. 1925ರಲ್ಲಿ ವಿದ್ಯುತ್ ಮುದ್ರಣ ಬಳಕೆಗೆ ಬರುವ ಮೊದಲು ಪ್ಲೇಟು ಮುದ್ರಿಸಲು ಮೈಕ್ರೋಫೋನು ಬಳಸುತ್ತಿರಲಿಲ್ಲ. ದೊಡ್ಡ ತುತೂರಿಯ ಬಾಯಿಗೆ ಎದುರಾಗಿ ನಿಂತು ಹಾಡಬೇಕು. ದನಿಯ ಬಲದಿಂದಲೇ ಮೊಳೆ ಮೇಣದ ಮೇಲೆ ಗೀರಬೇಕು. ಮದ್ದಳೆಯಂಥ ದೊಡ್ಡ ವಾದ್ಯವನ್ನು ಗಟ್ಟಿಯಾಗಿ ಬಾರಿಸಿದರೆ ಗೀರು ಕೆಡುತ್ತಿತ್ತು. ಹತ್ತು ಅಂಗುಲದ ಪ್ಲೇಟಿಗೆ ಸುಮಾರು ಮೂರು ನಿಮಿಷವಷ್ಟೇ ಅವಕಾಶ. ದೋಷ ಯಂತ್ರದ್ದು, ಕಲಾವಿದರದ್ದಲ್ಲ.

ಉದಾಹರಣೆಗೆ 1925ರ ಜನವರಿಯಲ್ಲಿ ಬೆಸ್ಸಿ ಸ್ಮಿತ್ ಹಾಡಿದ ‘ಸೇಂಟ್ ಲೂಯಿಸ್ ಬ್ಲೂಸ್’ ತೆಗೆದುಕೊಳ್ಳಿ. ರಚನೆ ಡಬ್ಲ್ಯು. ಸಿ. ಹ್ಯಾಂಡಿಯವರದು. ಜೊತೆಗಿರುವುದು ಎರಡೇ ವಾದ್ಯ: ಲೂಯಿ ಆರ್ಮ್‌ಸ್ಟ್ರಾಂಗರ ಕಾರ್ನೆಟ್, ಮತ್ತು ನಮಗೆ ಚಿರಪರಿಚಿತವಾದ ಹಾರ್ಮೋನಿಯಂ. ಮೊದಲ ಸಲ ಕಂಠವನ್ನು ಮಾತ್ರ ಕೇಳಿ. ಬ್ಲೂಸ್‌ನ ಪದ್ಯ ನಮ್ಮ ತ್ರಿಪದಿಯಂತೆ ಮೂರು ಸಾಲಿನದು. ಮೊದಲ ಸಾಲೇ ಎರಡನೆಯದಾಗಿ ಮರಳಿ, ಮೂರನೆಯ ಸಾಲಿನಲ್ಲಿ ಉತ್ತರ ದೊರೆಯುತ್ತದೆ. ನಾಲ್ಕೆಣಿಕೆಯ 12 ಸುತ್ತುಗಳಲ್ಲಿ ಪದ್ಯ ಮುಗಿಯುತ್ತದೆ. ಎರಡನೆಯ ಸಲ ಕಾರ್ನೆಟ್ ಕೇಳಿ. ಆಕೆ ಸಾಲು ಮುಗಿಸಿ ಉಸಿರೆಳೆಯುವ ಎಡೆಯಲ್ಲಿ ಅದು ಹೂಂಗುಡುತ್ತದೆ, ಸಮಾಧಾನ ಹೇಳುತ್ತದೆ. ಆಕೆಯ ಮಾತಿಗೆ ಎಂದೂ ಅಡ್ಡ ಬರುವುದಿಲ್ಲ. ಮೂರನೆಯ ಸಲ ಸ್ವರ ಗಮನಿಸಿ. ಗಾಂಧಾರವೂ ನಿಷಾದವೂ ಪಿಯಾನೋದ ಎರಡು ಮನೆಗಳ ನಡುವೆ ಎಲ್ಲಿಯೋ ತೂಗುತ್ತವೆ. ಇದು ಅಪಸ್ವರವಲ್ಲ, ಗಮಕಕ್ಕೆ ಒಗ್ಗಿದ ನಮ್ಮ ಕಿವಿಗೆ ಇದರ ಸೊಗಸು ಬೇಗ ಹತ್ತಬೇಕು.

ಬಳಿಕ ಆರ್ಮ್‌ಸ್ಟ್ರಾಂಗರು 1928ರಲ್ಲಿ ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಕೇಳಿ. ಇದು ವಿದ್ಯುತ್ ಮುದ್ರಣ. ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಆರಂಭದಲ್ಲಿ ಅವರ ತುತ್ತೂರಿ ಯಾರ ಆಸರೆಯೂ ಇಲ್ಲದೆ, ಆಲಾಪನೆಯಂತೆ, ಒಂಟಿಯಾಗಿ ಏರಿ ಇಳಿಯುತ್ತದೆ. ನಡುವೆ ಅವರು ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡುತ್ತ ಕ್ಲಾರಿನೆಟ್ಟಿಗೆ ಮೆಲ್ಲನೆ ಮರುನುಡಿ ಕೊಡುತ್ತಾರೆ.

ಬೆಸ್ಸಿ ಸ್ಮಿತ್ 1937ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಸಾವಿರಾರು ಜನ ಅಂತಿಮ ದರ್ಶನಕ್ಕೆ ನೆರೆದಿದ್ದರು. ಆದರೂ 1970ರವರೆಗೆ, ಅಂದರೆ 33 ವರ್ಷ, ಆಕೆಯ ಸಮಾಧಿಗೆ ಹೆಸರು ಕೆತ್ತಿದ ಒಂದು ಕಲ್ಲಿರಲಿಲ್ಲ. ಅಷ್ಟು ಕಾಲವೂ ಆಕೆಯ ಹೆಸರನ್ನು ಕಾಪಾಡಿದ್ದು ಈ ಸವೆದ ಪ್ಲೇಟುಗಳೇ. ಪ್ಲೇಟಿಲ್ಲದ ಮನೆಗಳಿಗೂ ಇಂದು ಈ ಹಾಡುಗಳು ಸುಲಭವಾಗಿ ದೊರೆಯುತ್ತವೆ. ಮುಂದೊಮ್ಮೆ ಆ ದನಿ ನಿಮ್ಮ ಮನೆಗೆ ಬಂದಾಗ ಕಿವಿ ಹಿಂಡಬೇಡಿ. ಮೂರು ನಿಮಿಷ ಕಿವಿಗೊಡಿ.