ಒಂದು ಎಂದರೆ ‘ಬರೆ’ಯೋ, ‘ಮುಗಿಸು’ವೋ?



ನನ್ನ ಉದ್ಯೋಗದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ಲಿನಕ್ಸ್ ತಂತ್ರಾಂಶಗಳನ್ನು ಒಂದು ಬಗೆಯ ಪ್ರೊಸೆಸರ್‌ನಿಂದ ಇನ್ನೊಂದಕ್ಕೆ ಒಗ್ಗಿಸುವುದು ನನ್ನ ಕೆಲಸ. ಅದರಲ್ಲಿ ನನಗೆ ಪ್ರಿಯವಾದದ್ದು ಸಿಸ್ಟಂ ಕಾಲ್‌ಗಳ ಕ್ರಮವನ್ನು ಬರೆದಿಡುವುದು.

ಯಾವ ಪ್ರೋಗ್ರಾಂ ಕೂಡ ತಾನೇ ಹೋಗಿ ಡಿಸ್ಕ್ ಮುಟ್ಟುವಂತಿಲ್ಲ, ಕರ್ನಲ್ಲನ್ನು ಕೇಳಬೇಕು. ಬ್ಯಾಂಕಿನಲ್ಲಿ ಚಲನ್ ತುಂಬಿ ಕೌಂಟರಿಗೆ ಕೊಡುತ್ತೇವಲ್ಲ, ಹಾಗೆ. ಈ ಕೋರಿಕೆಯೇ ಸಿಸ್ಟಂ ಕಾಲ್. ಯಾವ ಕೆಲಸ ಎನ್ನಲು ಒಂದು ಸಂಖ್ಯೆ. ಉಳಿದ ವಿವರಗಳನ್ನು ರಿಜಿಸ್ಟರ್ ಎಂಬ ಪುಟ್ಟ ಖಾನೆಗಳಲ್ಲಿ ಇಡಬೇಕು.

ತೊಡಕೆಂದರೆ ಪ್ರತಿ ಪ್ರೊಸೆಸರಿನ ಚಲನ್ ಬೇರೆ ಬೇರೆ. 32 ಬಿಟ್ ಇಂಟೆಲ್‌ನಲ್ಲಿ ಸಂಖ್ಯೆ ಇಎಎಕ್ಸ್ ಖಾನೆಗೆ, ಆದೇಶ ‘ಇಂಟ್ 0ಎಕ್ಸ್80’. 64 ಬಿಟ್‌ನಲ್ಲಿ ಆರ್‌ಎಎಕ್ಸ್, ಆದೇಶ ‘ಸಿಸ್ಕಾಲ್’. 64 ಬಿಟ್ ಆರ್ಮ್‌ನಲ್ಲಿ ಎಕ್ಸ್8, ‘ಎಸ್‌ವಿಸಿ’. ರಿಸ್ಕ್-ಫೈವ್‌ನಲ್ಲಿ ಎ7, ‘ಇಕಾಲ್’. ‘ಬರೆ’ ಎನ್ನಲು ಮೊದಲನೆಯದರಲ್ಲಿ 4, ಎರಡನೆಯದರಲ್ಲಿ 1, ಉಳಿದೆರಡರಲ್ಲಿ 64. ಆದರೆ 32 ಬಿಟ್ ಇಂಟೆಲ್‌ನಲ್ಲಿ 1 ಎಂದರೆ ‘ಮುಗಿಸು’!

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಇದೇ ಕಾಡಿತು. ಹಳೆಯ ಕೋಡನ್ನು 64 ಬಿಟ್‌ಗೆ ತರುವಾಗ ಯಾರೋ ಸಂಖ್ಯೆಯನ್ನು 1ಕ್ಕೆ ಬದಲಿಸಿ, ಆದೇಶವನ್ನು ಮಾತ್ರ ಹಳೆಯದೇ ಬಿಟ್ಟಿದ್ದರು. ಆ ಹಳೆಯ ಆದೇಶ 64 ಬಿಟ್‌ನಲ್ಲೂ ಸಾಮಾನ್ಯವಾಗಿ ನಡೆಯುತ್ತದೆ, ಆದರೆ ನೋಡುವುದು ಹಳೆಯ ಪಟ್ಟಿಯನ್ನೇ. ಪ್ರೋಗ್ರಾಂ ಒಂದಕ್ಷರವನ್ನೂ ಬರೆಯದೆ, ದೋಷವನ್ನೂ ಹೇಳದೆ ಸುಮ್ಮನೆ ನಿಂತುಬಿಡುತ್ತಿತ್ತು. ಇಬ್ಬರು ಎರಡು ದಿನ ಹುಡುಕಿದೆವು. ಆಮೇಲೆ ನಾನು ಒಂದು ಪುಟದ ಕೋಷ್ಟಕ ಬರೆದೆ.

ಕೋಷ್ಟಕದಲ್ಲಿ ‘ಏನು’ ಎಂಬುದರ ಜೊತೆ ‘ಏಕೆ’ ಎಂಬುದನ್ನೂ ಸೇರಿಸಿದೆ. 64 ಬಿಟ್ ಇಂಟೆಲ್‌ನಲ್ಲಿ ಫಂಕ್ಷನ್ ಕರೆಯುವಾಗ ನಾಲ್ಕನೆಯ ವಿವರ ಆರ್‌ಸಿಎಕ್ಸ್‌ಗೆ ಹೋಗುತ್ತದೆ, ಸಿಸ್ಟಂ ಕಾಲ್‌ನಲ್ಲಿ ಆರ್10ಕ್ಕೆ. ಕಾರಣ, ‘ಸಿಸ್ಕಾಲ್’ ಆದೇಶವು ಮರಳಿ ಬರಬೇಕಾದ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲೇ ಬರೆದುಕೊಳ್ಳುತ್ತದೆ. ಕಾರಣ ತಿಳಿದರೆ ನಿಯಮ ಮರೆಯುವುದಿಲ್ಲ.

ಆ ಪುಟವನ್ನು ಎಲ್ಲರೂ ಬಳಸಿದರು. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಮಾತ್ರ, “ಇದು ಟಿಪ್ಪಣಿ, ಕೆಲಸವಲ್ಲ” ಎಂದರು. ಮೀಟಿಂಗಿನ ನಡಾವಳಿ ಬರೆಯಲು ಹೆಣ್ಣುಮಕ್ಕಳನ್ನೇ ಕೂರಿಸುವ ಕಡೆ ಇಂಥ ಮಾತು ಹೊಸದೇನಲ್ಲ. ಮುಂದಿನ ವರ್ಷ ಪ್ರತಿ ಸಾಲನ್ನೂ ಯಂತ್ರದ ಮೇಲೆ ಓಡಿಸಿ ಪರೀಕ್ಷಿಸುವ ಪುಟ್ಟ ಪ್ರೋಗ್ರಾಂಗಳನ್ನು ಬರೆದು, ನನ್ನ ಹೆಸರು, ದಿನಾಂಕ ಹಾಕಿ, ಕೋಡ್ ಇಡುವ ಜಾಗದಲ್ಲೇ ಇಟ್ಟೆ. ಆಗ ಅದು ಲೆಕ್ಕಕ್ಕೆ ಬಂತು.

ಗೆಳತಿಯರೇ, ನೀವು ಬ್ಯಾಂಕಿನಲ್ಲಿರಿ, ಶಾಲೆಯಲ್ಲಿರಿ, ಆಸ್ಪತ್ರೆಯಲ್ಲಿರಿ, ನಿಮ್ಮ ತಲೆಯಲ್ಲಿರುವ ಕ್ರಮವನ್ನು ಬರೆದಿಡಿ. ಅದರ ಕೆಳಗೆ ನಿಮ್ಮ ಹೆಸರು ಹಾಕಲು ಸಂಕೋಚ ಬೇಡ. ನಾವು ಬಿಟ್ಟುಹೋದ ಕುರ್ಚಿಗೆ ಬರುವ ಹುಡುಗಿ ಎರಡು ದಿನ ಹುಡುಕುವುದು ತಪ್ಪುತ್ತದೆ.